ಕಡಲತಳಕ್ಕೆ ಕಿವಿಗೊಟ್ಟವರು

ಅಣ್ಣಿಗೇರಿ ಎಂದರೆ ಸಾಹಿತ್ಯ ಓದಿದವರಿಗೆ ಪಂಪನ ಊರು. ನನಗೆ ಅದರ ಜೊತೆಗೇ 2010 ಕೂಡ ನೆನಪಾಗುತ್ತದೆ. ಆ ವರ್ಷ ಚರಂಡಿಗೆಂದು ನೆಲ ಅಗೆದಾಗ ಅಲ್ಲಿ ನೂರಾರು ತಲೆಬುರುಡೆಗಳು ಸಿಕ್ಕವು. ಯುದ್ಧವೋ, ಬರವೋ, ಹತ್ಯಾಕಾಂಡವೋ ಎಂದು ಎಲ್ಲೆಡೆ ಮಾತಾಯಿತು. ಕಡೆಗೆ ಕಾಲನಿರ್ಣಯಕ್ಕಾಗಿ ಪ್ರಯೋಗಾಲಯದ ಮೊರೆಹೋಗಬೇಕಾಯಿತು. ಕೈಗೆ ಸಿಕ್ಕ ಸಾಕ್ಷಿಯನ್ನು ಓದುವುದೇ ಇಷ್ಟು ಕಷ್ಟವಾದರೆ, ಕಣ್ಣಿಗೂ ಕಾಣದ ಕಡಲತಳದ ಚರಿತ್ರೆಯನ್ನು ಓದುವುದು ಹೇಗೆ?

ನೀರಿನಲ್ಲಿ ಬೆಳಕು ಬಹಳ ದೂರ ಸಾಗದು; ಸದ್ದು ಸಾಗುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲ್ಲಾಡನ್ ಮತ್ತು ಸ್ಟರ್ಮ್ ಇದನ್ನು ಅಳೆದರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮದ್ದು ಹೊತ್ತಿಸಿದರು. ಹದಿಮೂರು ಕಿಲೋಮೀಟರಿಗೂ ಆಚೆ ಇನ್ನೊಂದು ದೋಣಿಯಲ್ಲಿ, ನೀರಿಗೆ ಇಳಿಬಿಟ್ಟ ಕೊಳವೆಗೆ ಕಿವಿಯಿಟ್ಟು, ಬೆಳಕು ಕಂಡಾಗಿನಿಂದ ಸದ್ದು ಕೇಳುವವರೆಗಿನ ಹೊತ್ತನ್ನು ಎಣಿಸಿದರು. ಸಿಕ್ಕ ವೇಗ ಸೆಕೆಂಡಿಗೆ 1,435 ಮೀಟರ್. ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು.

ಈ ವೇಗ ನೀರಿನ ಬಿಸಿ, ಉಪ್ಪು, ಒತ್ತಡಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಸದ್ದು ತಲುಪಿದ ಹೊತ್ತಿನಿಂದ ನೀರಿನ ಗುಣವನ್ನು ಹಿಮ್ಮುಖವಾಗಿ ಲೆಕ್ಕಹಾಕಬಹುದು. ಪ್ರತಿಧ್ವನಿ ಮರಳಿದ ಸಮಯ ಆಳವನ್ನು ಹೇಳಿದರೆ, ಅದರ ಬಲ ತಳದ ಸ್ವಭಾವವನ್ನು ಸೂಚಿಸುತ್ತದೆ. ಬಂಡೆ ಸದ್ದನ್ನು ಜೋರಾಗಿ ಹಿಂದಿರುಗಿಸುತ್ತದೆ, ಮೆತ್ತನೆಯ ಕೆಸರು ಬಹುಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಬೇರೆ ಬೇರೆ ತಳಗಳು ಒಂದೇ ಬಗೆಯ ಉತ್ತರ ಕೊಡುವುದೂ ಉಂಟು. ನಮ್ಮ ಪಶ್ಚಿಮ ಕರಾವಳಿಯ ಕೆಸರಿನಲ್ಲಿ ಕೆಲವೆಡೆ ಅನಿಲ ಸೇರಿಕೊಂಡಿದ್ದು, ಅದರ ಕೆಳಗಿನದೆಲ್ಲ ಯಂತ್ರಕ್ಕೆ ಮಸುಕಾಗಿಬಿಡುತ್ತದೆ.

ಈ ವಿದ್ಯೆಯನ್ನು ಇತಿಹಾಸದ ಕೆಲಸಕ್ಕೆ ಹಚ್ಚಿದವರಲ್ಲಿ ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಎಸ್. ಆರ್. ರಾವ್ ಪ್ರಮುಖರು. ಲೋಥಲ್ ಅಗೆದ ಅವರು ಮುಂದೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವಕ್ಕೆ ನೆಲೆ ಕಟ್ಟಿದರು. 1980ರ ದಶಕದಲ್ಲಿ ದ್ವಾರಕೆಯ ಬಳಿ ಸದ್ದಿನಿಂದ ತಳವನ್ನು ತಡಕಿದ್ದಲ್ಲದೆ ಮುಳುಗುಗಾರರನ್ನೂ ಇಳಿಸಿದರು. ಕಲ್ಲಿನ ಲಂಗರುಗಳು, ಕಟ್ಟಡದ ಕಲ್ಲುಗಳು ಸಿಕ್ಕವು. ಅದು ಕೃಷ್ಣನ ದ್ವಾರಕೆಯೇ ಎಂಬ ಅವರ ನಿಲುವನ್ನು ಎಲ್ಲರೂ ಒಪ್ಪಲಿಲ್ಲ, ಕಲ್ಲುಗಳ ಕಾಲದ ಬಗ್ಗೆಯೂ ವಾದ ನಡೆದಿದೆ. ಆದರೂ ವಾದ ಮಾಡಲು ಎದುರಿಗೆ ಕಲ್ಲುಗಳಿದ್ದವು.

2001ರ ಖಂಭಾತ್ ಕೊಲ್ಲಿಯ ಕತೆ ಬೇರೆ. ಸದ್ದು ಬರೆದ ಚಿತ್ರಗಳಲ್ಲಿ ಚೌಕಾಕಾರದ ಗುರುತುಗಳು ಕಂಡವು. ತಳದಿಂದ ಬಾಚಿ ತೆಗೆದ ಮರದ ತುಂಡೊಂದಕ್ಕೆ ಸುಮಾರು 9,500 ವರ್ಷ ಎಂದು ತಿಳಿದದ್ದೇ, ಸಿಂಧೂ ನಾಗರಿಕತೆಗಿಂತ ಹಳೆಯ ನಗರ ಸಿಕ್ಕಿತೆಂಬ ಸುದ್ದಿ ಹಬ್ಬಿತು. ಮರದ ವಯಸ್ಸು ಮರದ್ದೇ ಹೊರತು ನಗರದ್ದಲ್ಲ. ಆ ಕೊಲ್ಲಿಯ ಉಬ್ಬರವಿಳಿತದ ಸೆಳೆತ ಅದನ್ನು ಎಲ್ಲಿಂದಲೋ ತಂದಿರಬಹುದು ಎಂದು ಪುರಾತತ್ವಜ್ಞರು ಆಕ್ಷೇಪಿಸಿದರು.

ನನಗೆ ಆ ಆಕ್ಷೇಪ ಸರಿಯೆನಿಸುತ್ತದೆ. ತಳ ಗಟ್ಟಿಯೋ ಮೆತ್ತಗೋ ಎಂಬುದನ್ನು ಪ್ರತಿಧ್ವನಿ ಹೇಳೀತು. ಆ ಗಟ್ಟಿಯನ್ನು ಕಟ್ಟಿದವರು ಯಾರು, ಕಟ್ಟಿದವರು ಇದ್ದರೇ ಎಂಬುದನ್ನು ಅದು ಹೇಳದು. ಅದಕ್ಕೆ ಯಾರಾದರೂ ನೀರಿಗಿಳಿದು ಕಲ್ಲನ್ನು ಮುಟ್ಟಿ ನೋಡಲೇಬೇಕು.