ಕೊರತೆಯೋ, ಯೋಗ್ಯತೆಯೋ?

ಅಮೆರಿಕದ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ. ಅಲ್ಲಿಯ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ 1936ರಲ್ಲಿ ಮೊದಲಾಯಿತು. ಆರಿಸಬೇಕಾದದ್ದು ತಂಡದ ಕೊರತೆ ನೀಗುವವನನ್ನೋ, ಉಳಿದವರಲ್ಲಿ ಶ್ರೇಷ್ಠನನ್ನೋ? ಇದು ಇಂದಿಗೂ ತೀರದ ಜಿಜ್ಞಾಸೆ.

2005ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಆಟ ನಡೆಸಲು ಬ್ರೆಟ್ ಫಾರ್ವ್ ಇದ್ದ. ಆದರೂ 24ನೆಯ ಸರದಿಯಲ್ಲಿ ತಂಡ ಆರಿಸಿದ್ದು ಅದೇ ಸ್ಥಾನದ ತರುಣ ಆರನ್ ರಾಜರ್ಸ್‌ನನ್ನು. ಆ ವರ್ಷ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು 4 ಮಾತ್ರ. ಬೇರೆಡೆಯ ಕೊರತೆಗಳು ಹಾಗೆಯೇ ಉಳಿದವೆಂಬ ಆಕ್ಷೇಪ ಸುಳ್ಳಲ್ಲ. ರಾಜರ್ಸ್ ಮೂರು ಋತು ಕಾದ. 2008ರಲ್ಲಿ ಫಾರ್ವ್ ತೆರಳಿದಾಗ ಸ್ಥಾನ ಬರಿದಾಗಲಿಲ್ಲ. 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಕಿರೀಟವೂ ಬಂತು.

ನನಗೆ ತೋರುವುದಿಷ್ಟು: ಕೊರತೆಯ ಜಾಗ ವರ್ಷವರ್ಷವೂ ಬದಲಾದೀತು. ಯೋಗ್ಯನನ್ನು ಆರಿಸಿದವರಿಗೆ ಮಾತ್ರ ಕಾಯುವ ತಾಳ್ಮೆ ಬೇಕು.