ಕಿವಿಗಾಗಿ ಆಡಿದ ಮಾತು

ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರಕ್ಕೆ ತೊಡಗಿದುದು 1935ರಲ್ಲಿ. ಧಾರವಾಡದ ನಿಲಯ ಬಂದುದು 1950ರಲ್ಲಿ. ಕಣ್ಣಿನ ನೆರವಿಲ್ಲದೆ ಬರಿಯ ಮಾತಿನಿಂದ ಜನರನ್ನು ಹಿಡಿದು ಕೂರಿಸುವ ವಿದ್ಯೆಯಾದರೋ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಗೆ ಅದಕ್ಕಿಂತ ಹಳೆಯದು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇಲ್ಲಿಯ ಮನೆಗಳ ಜಗಲಿಯಲ್ಲಿ ತಾಳಮದ್ದಳೆ ಕೂಡುವುದು ವಾಡಿಕೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುವರು. ಅದರ ಅರ್ಥವನ್ನು ಕುಳಿತವರು ಆಗಿಂದಾಗಲೇ ಕಟ್ಟಿ ಆಡಬೇಕು.

ಕೇಳುವವರಿಗೆ ಕಥೆ ಮೊದಲೇ ಗೊತ್ತು. ಕೃಷ್ಣಸಂಧಾನ ಮುರಿಯುತ್ತದೆಂಬುದನ್ನು ಮಗುವೂ ಬಲ್ಲದು. ಹಾಗಿದ್ದೂ ನಿದ್ದೆಗೆಟ್ಟು ಕೂರುವುದೇಕೆ? ಕೌರವನ ಪ್ರಶ್ನೆಗೆ ಈ ಕೃಷ್ಣ ಇಂದು ಏನೆನ್ನುವನೆಂಬ ಕುತೂಹಲಕ್ಕೆ. ಎದುರಿನ ಮಾತನ್ನು ಪೂರ್ತಿ ಕೇಳಿದವನಿಗೆ ಮಾತ್ರ ಅದರ ಉತ್ತರ ಹೊಳೆದೀತು. ಪೀಠಿಕೆಯಲ್ಲೇ ಪಾಂಡಿತ್ಯವನ್ನೆಲ್ಲ ಸುರಿದು, ಎದುರಿನವನಿಗೆ ಎಡೆಯನ್ನೇ ಕೊಡದ ಅರ್ಥಧಾರಿ ಎಷ್ಟು ಓದಿದ್ದರೇನು? ಜನ ಕವಳದ ಬಟ್ಟಲಿನತ್ತ ತಿರುಗುತ್ತಾರೆ.

ಈ ಕಲೆಗೆ ಗಡಿಯಾರವನ್ನು ತಂದುದು ಬಾನುಲಿ. ಘಟ್ಟದ ಕೆಳಗೆ, 1976ರಲ್ಲಿ ತೊಡಗಿದ ಮಂಗಳೂರು ನಿಲಯದ ಮೂಲಕ ತಾಳಮದ್ದಳೆ ಕರಾವಳಿಯ ಮನೆಗಳನ್ನು ಹೊಕ್ಕಿತು. ಇರುಳಿಡೀ ಸಾಗುವ ವಾದ ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ನಷ್ಟವೇನೋ ಹೌದು. ಸಭೆಯ ನಗೆಯನ್ನೂ ತಲೆದೂಗುವಿಕೆಯನ್ನೂ ನೋಡಿ ಮಾತನ್ನು ಏರಿಸಿ ಇಳಿಸುತ್ತಿದ್ದವನಿಗೆ ಸ್ಟುಡಿಯೋದಲ್ಲಿ ಉಳಿದ ಆಸರೆ ಒಂದೇ, ಎದುರು ಕುಳಿತ ಇನ್ನೊಬ್ಬ ಅರ್ಥಧಾರಿ.

ಈಗಿನ ಪಾಡ್‌ಕಾಸ್ಟಿಗೆ ಗಡಿಯಾರದ ಕಾಟವಿಲ್ಲ. ಎರಡು ಗಂಟೆಯಾದರೂ ಹರಟಬಹುದು. ಆದರೆ ಪ್ರಶ್ನೆ ಕೇಳಿದವರೇ ಉತ್ತರಕ್ಕೆ ಕಿವಿಗೊಡದೆ ಮುಂದಿನ ಚೀಟಿ ಓದಿದರೆ, ಕೇಳುವವನು ನಿಲ್ಲಿಸಿಬಿಡುತ್ತಾನೆ. ಜಗಲಿಯಿಂದ ಎದ್ದುಹೋಗುವವನಿಗೆ ಮಳೆಯಾದರೂ ಅಡ್ಡ ಬರುತ್ತದೆ.