ಬಯಲಲ್ಲೇ ಯಾಕೆ? ರೆಗ್ಗೆ ಹಬ್ಬಗಳ ಹಿಂದಿನ ಕಥೆ

ಜುಲೈ ಹತ್ರ ಬಂತು ಅಂದ್ರೆ ನಾನು ದಿನ ಎಣಿಸೋಕೆ ಶುರು ಮಾಡ್ತೀನಿ. ಜಮೈಕಾದ ಮಾಂಟೆಗೊ ಬೇ ಊರಲ್ಲಿ ರೆಗ್ಗೆ ಸಮ್‌ಫೆಸ್ಟ್ ಇರುತ್ತೆ. 1993ರಲ್ಲಿ ಶುರುವಾದ ಹಬ್ಬ. ರೆಗ್ಗೆ, ಡಾನ್ಸ್‌ಹಾಲ್, ಬೆಳಗಾಗೋವರೆಗೂ ಬಯಲಲ್ಲೇ. ಅಲ್ಲಿ ಮಧ್ಯರಾತ್ರಿ ಅಂದ್ರೆ ನಮಗೆ ಬೆಳಗ್ಗೆ ಹತ್ತೂವರೆ. ನಾನು ಅಲ್ಲಿಗೆ ಹೋಗಿಲ್ಲ, ನನ್ನ ಹಬ್ಬ ಎಲ್ಲ ಫೋನಿನಲ್ಲೇ. ಆದ್ರೂ ಪ್ರತಿ ಸಲ ಒಂದು ಪ್ರಶ್ನೆ ಕಾಡುತ್ತೆ: ಈ ಸಂಗೀತಕ್ಕೆ ಬಯಲೇ ಯಾಕೆ ಬೇಕು?

ಉತ್ತರ ಇರೋದು 1950ರ ದಶಕದ ಕಿಂಗ್‌ಸ್ಟನ್‌ನಲ್ಲಿ. ಬಡವರ ಕೇರಿಗಳಲ್ಲಿ ಎಷ್ಟೋ ಮನೆಗಳಿಗೆ ರೇಡಿಯೋ ಇರ್ಲಿಲ್ಲ. ದುಬಾರಿ ಕ್ಲಬ್‌ಗಳಿಗೆ ಹೋಗೋಕೆ ಕೈಯಲ್ಲಿ ಕಾಸಿರ್ಲಿಲ್ಲ. ಆಗ ಕೆಲವರು ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನ ತಂದು ಖಾಲಿ ಅಂಗಳದಲ್ಲಿಟ್ಟು ಅಮೆರಿಕದ ರೆಕಾರ್ಡ್ ಹಾಕೋಕೆ ಶುರು ಮಾಡಿದ್ರು. ಅದೇ 'ಸೌಂಡ್ ಸಿಸ್ಟಂ'.

ನಾನು ಬಿಕಾಂ ಓದಿದವನು, ನನ್ನ ಕಣ್ಣು ಲೆಕ್ಕದ ಕಡೆ ಹೋಗುತ್ತೆ. ದುಡ್ಡು ಬರ್ತಿದ್ದದ್ದು ಪ್ರವೇಶ ಶುಲ್ಕ ಮತ್ತೆ ಮದ್ಯ ಮಾರಾಟದಿಂದ. ಡ್ಯೂಕ್ ರೀಡ್ ಅನ್ನೋ ಮಾಜಿ ಪೊಲೀಸ್ ಒಂದು ಕಡೆ, ಕಾಕ್ಸನ್ ಡಾಡ್ ಇನ್ನೊಂದು ಕಡೆ. ಪೈಪೋಟಿ ಎಷ್ಟಿತ್ತು ಅಂದ್ರೆ, ಹಾಡು ಯಾವುದು ಅಂತ ಎದುರಾಳಿಗೆ ಗೊತ್ತಾಗಬಾರದು ಅಂತ ರೆಕಾರ್ಡ್ ಮೇಲಿನ ಲೇಬಲ್ಲನ್ನೇ ಕೆರೆದು ತೆಗೀತಿದ್ರು! ಆಮೇಲೆ ಇವರೇ ಸ್ಥಳೀಯ ಹಾಡುಗಾರರನ್ನ ಕರೆದು ರೆಕಾರ್ಡ್ ಮಾಡಿಸಿದ್ರು. ಸ್ಕಾ ಬಂತು, ರಾಕ್‌ಸ್ಟೆಡಿ ಬಂತು, 1968ರ ಹೊತ್ತಿಗೆ ರೆಗ್ಗೆ. ಡಾನ್ಸ್‌ಹಾಲ್ ಅನ್ನೋದು ಕೂಡ ಮೊದಲು ಜನ ಕುಣಿಯೋ ಜಾಗದ ಹೆಸರು, ಸಂಗೀತದ ಹೆಸರಾಗಿದ್ದು ಆಮೇಲೆ.

ಆದ್ರೆ ಬಯಲಲ್ಲಿ ಸೇರೋದು ಯಾವಾಗಲೂ ಸುಲಭ ಇರ್ಲಿಲ್ಲ. 1970ರ ದಶಕದಲ್ಲಿ ಕಿಂಗ್‌ಸ್ಟನ್‌ನ ಕೇರಿಗಳು ಎರಡು ಪಕ್ಷಗಳ ನಡುವೆ ಹಂಚಿಹೋಗಿದ್ವು. ಪಕ್ಕದ ಕೇರಿಗೆ ಕಾಲಿಟ್ರೆ ಪ್ರಾಣಕ್ಕೇ ಸಂಚಕಾರ. 1976ರ ಡಿಸೆಂಬರ್ 5ಕ್ಕೆ 'ಸ್ಮೈಲ್ ಜಮೈಕಾ' ಅನ್ನೋ ಉಚಿತ ಕಚೇರಿ ಗೊತ್ತಾಗಿತ್ತು. ಎರಡೇ ದಿನ ಮೊದಲು ಬಂದೂಕುಧಾರಿಗಳು ಬಾಬ್ ಮಾರ್ಲಿ ಮನೆಗೆ ನುಗ್ಗಿದ್ರು. ಮಾರ್ಲಿಗೆ ಎದೆಗೂ ತೋಳಿಗೂ ಗಾಯ, ಹೆಂಡತಿ ರೀಟಾಗೆ ತಲೆಗೆ ಗಾಯ. ಆದ್ರೂ ಅವತ್ತು ರಾತ್ರಿ ಜನ ಮೈದಾನಕ್ಕೆ ಬಂದ್ರು. ಮಾರ್ಲಿನೂ ಬಂದು ಹಾಡಿದ್ರು.

1978ರ ಏಪ್ರಿಲ್ 22ರಂದು ಮತ್ತೊಂದು ಕಚೇರಿ, 'ಒನ್ ಲವ್'. ಪರಸ್ಪರ ಕಾದಾಡ್ತಿದ್ದ ಎರಡು ಗ್ಯಾಂಗ್‌ಗಳ ನಾಯಕರೇ ಶಾಂತಿಗಾಗಿ ಇದರ ಹಿಂದೆ ನಿಂತಿದ್ರು. ಮಾರ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಕೈ ಕೂಡಿಸಿದ್ರು. ಆ ಫೋಟೋ ನೀವೂ ನೋಡಿರ್ತೀರಿ.

ಫೋಟೋ ಆದ್ಮೇಲೆ ಏನಾಯ್ತು ಅನ್ನೋದನ್ನೂ ಹೇಳ್ಲೇಬೇಕು. ಆ ಇಬ್ಬರು ಗ್ಯಾಂಗ್ ನಾಯಕರೂ 1980 ಮುಗಿಯೋದ್ರೊಳಗೆ ಗುಂಡಿಗೆ ಬಲಿಯಾದ್ರು. ಅದೇ ವರ್ಷದ ಚುನಾವಣಾ ಹಿಂಸೆಯಲ್ಲಿ 800ಕ್ಕೂ ಹೆಚ್ಚು ಜನ ಸತ್ರು. ಹಾಡು ಹಿಂಸೆಯನ್ನ ನಿಲ್ಲಿಸಲಿಲ್ಲ.

ಹಾಗಾದ್ರೆ ಉಳಿದಿದ್ದೇನು? ಸೇರೋ ಅಭ್ಯಾಸ. 1978ರ ಜೂನ್‌ನಲ್ಲೇ ಮಾಂಟೆಗೊ ಬೇಯಲ್ಲಿ 'ರೆಗ್ಗೆ ಸನ್‌ಸ್ಪ್ಲಾಶ್' ಶುರುವಾಯ್ತು. ಅದು ಪ್ರವಾಸಿಗರು ಕಡಿಮೆ ಇರೋ ತಿಂಗಳು, ಹೋಟೆಲ್‌ಗಳಿಗೂ ಲಾಭ. 1981ರ ಮೇನಲ್ಲಿ ಮಾರ್ಲಿ ತೀರಿಕೊಂಡ್ರು. ಆ ವರ್ಷದ ಹಬ್ಬ ಅವರ ನೆನಪಿಗೇ ಮೀಸಲಾಯ್ತು. 2018ರಲ್ಲಿ ಯುನೆಸ್ಕೋ ಜಮೈಕಾದ ರೆಗ್ಗೆಯನ್ನ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸ್ತು.

ಹಬ್ಬಕ್ಕೆ ಕಾಯೋದು ಅಂದ್ರೆ ಬರೀ ಹಾಡಿಗೆ ಕಾಯೋದಲ್ಲ ಅಂತ ನನಗೀಗ ಅನ್ಸುತ್ತೆ. ರಾತ್ರಿ ಬಯಲಲ್ಲಿ ಗುರುತಿಲ್ಲದವರ ಪಕ್ಕ ನಿಂತು ಕುಣಿದು, ಬೆಳಗ್ಗೆ ಕ್ಷೇಮವಾಗಿ ಮನೆ ಸೇರ್ತೀವಿ ಅನ್ನೋ ನಂಬಿಕೆ ಅದು. ಆ ನಂಬಿಕೆ ಜಮೈಕಾದವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಈ ಜುಲೈಯಲ್ಲೂ ಬೆಳಗ್ಗೆ ಹತ್ತೂವರೆಗೆ ಇಯರ್‌ಫೋನ್ ಹಾಕಿಕೊಂಡು ಕೂತಿರ್ತೀನಿ. ನೀವೂ ಜೊತೆಗಿರಿ. ಮತ್ತೆ ಸಿಗೋಣ!